ಎಲ್ಲರ ಕೈಗೆಟುಕಿದ ಅಂಕಿ-ಚಿತ್ರ

2020ರ ಬೇಸಿಗೆಯನ್ನು ಯಾರೂ ಮರೆತಿರಲಾರರು. ಸೋಂಕಿನ ಭಯದಿಂದ ಮನೆಯೊಳಗೇ ಉಳಿದಿದ್ದ ಆ ದಿನಗಳಲ್ಲಿ ನಾವೂ ಭಾರತದ ನಕಾಶೆಯೊಂದನ್ನು ನಿತ್ಯವೂ ನೋಡುತ್ತಿದ್ದೆವು. ಕರ್ನಾಟಕವನ್ನು ಮುಟ್ಟಿದರೆ ಜಿಲ್ಲೆಗಳು ಮೂಡುತ್ತಿದ್ದವು. ಜಿಲ್ಲೆಯ ಮೇಲೆ ಬೆರಳಿಟ್ಟರೆ ಅಲ್ಲಿಯ ಸೋಂಕಿತರ ಸಂಖ್ಯೆ ತೋರುತ್ತಿತ್ತು. 'ಕೋವಿಡ್ 19 ಇಂಡಿಯಾ' ಎಂಬ ಆ ತಾಣವನ್ನು ನಡೆಸಿದವರು ಸ್ವಯಂಸೇವಕರು. ರಾಜ್ಯಗಳು ಪ್ರಕಟಿಸಿದ ಅಂಕಿಗಳನ್ನು ಕಲೆಹಾಕಿ, 2021ರ ಅಕ್ಟೋಬರ್ ಕೊನೆಯವರೆಗೂ ಅವರು ಅದನ್ನು ನಿರ್ವಹಿಸಿದರು. ಇಂಥ ಕಾರ್ಯವನ್ನು ಸ್ವಯಂಸೇವಕರು ಅಷ್ಟು ಶೀಘ್ರವಾಗಿ ಕಟ್ಟಲು ಸಾಧ್ಯವಾದುದು ಹೇಗೆ? ಬೇಕಾದ ಸಾಧನಗಳನ್ನು ಬೇರೆಯವರು ಮೊದಲೇ ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟಿದ್ದರು.

ಅಂಕಿಗಳನ್ನು ಚಿತ್ರವಾಗಿಸುವ ವಿದ್ಯೆ ಹಳೆಯದೇ. 1786ರಲ್ಲಿ ವಿಲಿಯಂ ಪ್ಲೇಫೇರ್ ವಾಣಿಜ್ಯದ ಏರಿಳಿತಗಳನ್ನು ರೇಖೆಗಳಲ್ಲಿ ತೋರಿಸಿದನು. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಚಿತ್ರಮುಖೇನ ಮನಗಾಣಿಸಿದಳು. ಆದರೆ ಅಚ್ಚಾದ ಚಿತ್ರವನ್ನು ನೋಡಬಹುದೇ ಹೊರತು ಪ್ರಶ್ನಿಸಲಾಗದು. ಗಣಕದ ಪರದೆಯ ಮೇಲಿನ ಚಿತ್ರವಾದರೋ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ.

ಈ ಕ್ಷೇತ್ರದಲ್ಲಿ ಬಹುವಾಗಿ ಬಳಕೆಗೆ ಬಂದ ಸಾಧನ 'ಡಿ3'. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೈಕ್ ಬೋಸ್ಟಾಕ್, ವಾದಿಮ್ ಒಗಿಯೆವೆಟ್ಸ್ಕಿ ಮತ್ತು ಜೆಫ್ರಿ ಹೀರ್ ಎಂಬವರು 2011ರಲ್ಲಿ ಇದನ್ನು ಹೊರತಂದರು. ಇದರ ಮರ್ಮ ಸರಳವಾದುದು. ಕರ್ನಾಟಕದ 31 ಜಿಲ್ಲೆಗಳ ಮಳೆಯ ಪ್ರಮಾಣ ನಮ್ಮಲ್ಲಿದೆ ಎನ್ನೋಣ. ಒಂದೊಂದು ಅಂಕಿಗೂ ಪುಟದ ಮೇಲೆ ಒಂದೊಂದು ಕಂಬವನ್ನು ಜೋಡಿಸಿ, ಮಳೆಯಷ್ಟಕ್ಕೆ ತಕ್ಕಂತೆ ಎತ್ತರವಿರಲಿ ಎಂಬ ನಿಯಮವನ್ನು ಒಮ್ಮೆ ಬರೆದಿಟ್ಟರೆ ಸಾಕು. 31 ಕಂಬಗಳೂ ಏಳುತ್ತವೆ. ಮರುವರ್ಷದ ಅಂಕಿಗಳನ್ನು ಕೊಟ್ಟಾಗ ಅದೇ ನಿಯಮದಿಂದ ಹೊಸ ಚಿತ್ರ ಸಿದ್ಧವಾಗುತ್ತದೆ. ಇದರ ಮೂಲ ಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಣ ಕೊಡದೆ ಬಳಸಬಹುದು. ಮುಕ್ತ ತಂತ್ರಾಂಶವೆಂದರೆ ಇದೇ.

ಈ ಮುಕ್ತತೆಯ ಬೆಲೆ ಕಾಲಾಂತರದಲ್ಲಿ ತಿಳಿಯಿತು. ಡಿ3ಕ್ಕಿಂತ ಮುಂಚೆ ಹೀರ್ ಅವರೇ ರೂಪಿಸಿದ್ದ 'ಫ್ಲೇರ್' ಎಂಬ ಸಾಧನವೂ ಮುಕ್ತವೇ ಆಗಿದ್ದಿತು. ಆದರೆ ಅದರ ಚಿತ್ರಗಳು ತೆರೆಯಬೇಕಾದರೆ ಅಡೋಬಿ ಸಂಸ್ಥೆಯ 'ಫ್ಲ್ಯಾಶ್' ಬೇಕಿತ್ತು. ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಬೆಂಬಲವನ್ನು ನಿಲ್ಲಿಸಿದೊಡನೆ, ಅದನ್ನು ನಂಬಿದ್ದ ಚಿತ್ರಗಳು ಬ್ರೌಸರ್‌ಗಳಲ್ಲಿ ಕಣ್ಮುಚ್ಚಿದವು. ಡಿ3 ನಿಂತಿರುವುದು ಎಲ್ಲ ಬ್ರೌಸರ್‌ಗಳೂ ಸಾಮಾನ್ಯವಾಗಿ ಒಪ್ಪಿರುವ ನಿಯಮಗಳ ಮೇಲೆ. ಒಬ್ಬರ ಅಂಗಳದಲ್ಲಿ ತೋಡಿದ ಬಾವಿಗೂ ಊರ ಕೆರೆಗೂ ಇರುವ ಅಂತರ ಇಲ್ಲಿದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಚಿತ್ರವು ಸುಳ್ಳನ್ನೂ ನುಡಿಯಬಲ್ಲದು. 95 ಮತ್ತು 100 ಎಂಬ ಅಂಕಿಗಳ ಕಂಬಗಳನ್ನು ಸೊನ್ನೆಯ ಬದಲು 90ರಿಂದ ಆರಂಭಿಸಿದರೆ ಒಂದು ಮತ್ತೊಂದರ ಇಮ್ಮಡಿಯಾಗಿ ಕಾಣುತ್ತದೆ. ಆದ್ದರಿಂದ ಚಿತ್ರವನ್ನು ಕಂಡಾಗ ಎರಡು ಪ್ರಶ್ನೆಗಳನ್ನು ಕೇಳಲು ಮಕ್ಕಳಿಗೆ ಕಲಿಸೋಣ: ಈ ಅಂಕಿ ಎಲ್ಲಿಂದ ಬಂದಿತು? ಅಳತೆ ಎಲ್ಲಿಂದ ಆರಂಭವಾಯಿತು? ಅಂಕಿಯೂ ಮೂಲ ಬರಹವೂ ತೆರೆದಿದ್ದಾಗ ಉತ್ತರವನ್ನು ತಾವೇ ಹುಡುಕಿಕೊಳ್ಳಬಹುದು. ಆಸಕ್ತಿಯುಳ್ಳ ವಿದ್ಯಾರ್ಥಿಗೆ ಇದನ್ನು ಕಲಿಯಲು ಒಂದು ಗಣಕ ಮತ್ತು ತಾಳ್ಮೆ ಇದ್ದರೆ ಸಾಕು.