ಮಹಾನವಮಿಯ ದಿಬ್ಬವೂ ರೋಮಿನ ರಂಗಸ್ಥಳವೂ

ವಿಜಯನಗರದ ಹಾಳುಗಳನ್ನು ನೋಡಲು ಹೋದವರಲ್ಲಿ ಬಹುಮಂದಿ ವಿಠ್ಠಲದೇವಾಲಯದ ಕಲ್ಲಿನ ರಥವನ್ನು ಕೊಂಡಾಡುವರು. ಮಹಾನವಮಿಯ ದಿಬ್ಬವನ್ನಾದರೋ ಕಾಲುಗಂಟೆಯಲ್ಲಿ ಏರಿಳಿದು ಬಂದುಬಿಡುವರು. ಕಳೆದ ಮಾಘಮಾಸದಲ್ಲಿ ನಾವು ಸಹಕಾರನಗರದಿಂದ ಸಕುಟುಂಬರಾಗಿ ಹೊರಟು, ಹೊಸಪೇಟೆಯಲ್ಲಿ ಇಳಿದುಕೊಂಡು, ಆ ದಿಬ್ಬದ ಮೇಲೆ ಒಂದು ಪೂರ್ವಾಹ್ನವನ್ನೆಲ್ಲ ಕಳೆದೆವು. ಅಲ್ಲಿ ಕುಳಿತಿರಲು ನಮ್ಮ ಮನಸ್ಸು ರೋಮ್ ನಗರದ ಕೊಲೊಸಿಯಮ್ ಎಂಬ ರಂಗಮಂದಿರದ ಕಡೆಗೆ ಹರಿಯಿತು. ರೋಮ್ ನಮಗೆ ತೀರ ಅಪರಿಚಿತವೇನೂ ಅಲ್ಲ. ನಮ್ಮ ಮನೆಗೆ ಸಮೀಪದ ಯಶವಂತಪುರದಲ್ಲಿಯೇ ಆಗಸ್ಟಸ್, ಟೈಬೀರಿಯಸ್ ಮೊದಲಾದ ರೋಮಕ ಚಕ್ರವರ್ತಿಗಳ ನಾಣ್ಯಗಳು ದೊರೆತಿರುವುವು.

ವೆಸ್ಪಾಸಿಯನ್ ಚಕ್ರವರ್ತಿಯು ಕಟ್ಟಲಾರಂಭಿಸಿದ ಆ ಮಂದಿರವನ್ನು ಅವನ ಮಗನಾದ ಟೈಟಸನು ಕ್ರಿ. ಶ. 80ರಲ್ಲಿ ತೆರೆದು, ನೂರು ದಿನಗಳ ಕಾಲ ಆಟಗಳನ್ನು ನಡೆಯಿಸಿದನು. ಅಂಡಾಕಾರದ ಆ ಕಟ್ಟಡದ ಉದ್ದ ಸುಮಾರು 188 ಮೀಟರು, ಅಗಲ 156 ಮೀಟರು, ಬಾಗಿಲುಗಳು 80. ಸುಮಾರು 50,000 ಮಂದಿ ಕುಳಿತು ನೋಡಬಹುದಾಗಿತ್ತು. ನಡುವಣ ಮರಳಿನಲ್ಲಿ ಸೆರೆಯಾಳುಗಳೂ ಗುಲಾಮರೂ ಅಪರಾಧಿಗಳೂ ಕತ್ತಿ ಹಿಡಿದು ಪರಸ್ಪರ ಹೋರಾಡುತ್ತಿದ್ದರು; ಕಾಡುಮೃಗಗಳನ್ನು ಕೊಲ್ಲಿಸುತ್ತಿದ್ದರು. ಪ್ರೇಕ್ಷಕರಿಗೆ ಬಿಸಿಲು ತಾಗದಂತೆ ಮೇಲೆ ಬಟ್ಟೆಯ ಮೇಲ್ಕಟ್ಟನ್ನು ಹರಡುತ್ತಿದ್ದುದೂ ಉಂಟು. ಇದನ್ನು ನಾವು ವಿವರಿಸುತ್ತಿರಲು ನಮ್ಮ ಮನೆಯವರು, “ಸಾಯುವುದನ್ನು ನೋಡುವವರಿಗೆ ಅಷ್ಟೊಂದು ನೆರಳು ಬೇಕಾಗಿತ್ತೇ?” ಎಂದು ಕೇಳಿದರು. ಉತ್ತರ ಹೇಳುವುದು ನಮಗೆ ಸುಲಭವಾಗಲಿಲ್ಲ.

ಹಾಗಾದರೆ ನಮ್ಮ ದಿಬ್ಬವು ಎಂತಹದು? ಮೇಲೆಮೇಲೆ ಕಿರಿದಾಗುತ್ತ ಹೋಗುವ ಮೂರು ಅಂತಸ್ತುಗಳ ಚೌಕವಾದ ಜಗತಿಯದು. ಬದಿಗಳಲ್ಲಿ ಆನೆ, ಕುದುರೆ, ಒಂಟೆಗಳ ಸಾಲುಗಳನ್ನೂ ಬೇಟೆ ನರ್ತನಗಳನ್ನೂ ಕಂಡರಿಸಿರುವರು. ಮೇಲಿದ್ದ ಮಂಟಪವು ಈಗಿಲ್ಲ. ರೋಮಿನಲ್ಲಿ ಜನರು ಸುತ್ತಲೂ ಎತ್ತರದಲ್ಲಿ ಕುಳಿತು ತಗ್ಗನ್ನು ನೋಡುತ್ತಿದ್ದರು; ಇಲ್ಲಿ ಅರಸನು ಎತ್ತರದಲ್ಲಿದ್ದು ಮುಂದಣ ಬಯಲನ್ನು ನೋಡುತ್ತಿದ್ದನು.

ಸುಮಾರು 1520ರಲ್ಲಿ ಕೃಷ್ಣದೇವರಾಯನ ನಗರವನ್ನು ಕಂಡ ಪೋರ್ತುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು ಒಂಬತ್ತು ದಿನಗಳ ಉತ್ಸವವನ್ನು ವರ್ಣಿಸಿರುವನು. ಜಟ್ಟಿಗಳ ಪೆಟ್ಟಿಗೆ ಹಲ್ಲುಗಳು ಮುರಿದು, ಕಣ್ಣುಗಳು ಹೋಗಿ, ಕೆಲವರನ್ನು ಮಾತಿಲ್ಲದ ಸ್ಥಿತಿಯಲ್ಲಿ ಮಿತ್ರರು ಹೊತ್ತೊಯ್ಯುತ್ತಿದ್ದರಂತೆ. ಕೊನೆಯ ದಿನ 250 ಕೋಣಗಳೂ 4,500 ಕುರಿಗಳೂ ಬಲಿಯಾದುವೆಂದು ಅವನು ಬರೆದಿರುವನು. ಆದುದರಿಂದ ರಕ್ತವು ಅವರದು, ಪುಷ್ಪವು ನಮ್ಮದು ಎಂದು ಹೆಮ್ಮೆಪಡುವುದಕ್ಕೆ ಅವಕಾಶವಿಲ್ಲ.

ಆದರೂ ಒಂದು ಭೇದವನ್ನು ಗಮನಿಸಬೇಕು. ಜಟ್ಟಿಗಳ ಕಾಳಗಕ್ಕೆ ತೀರ್ಪುಗಾರರಿದ್ದರು. ಜಟ್ಟಿಗಳಿಗೆ ರೇಷ್ಮೆಯ ವಸ್ತ್ರ ದೊರೆಯುತ್ತಿತ್ತು. ಮರಣವು ಅದರ ಉದ್ದೇಶವಾಗಿರಲಿಲ್ಲ. ಇನ್ನು ನಾಟಕದ ವಿಷಯದಲ್ಲಿಯಾದರೋ, ಪ್ರೇಕ್ಷಾಗೃಹದ ಅಳತೆಗಳನ್ನು ಹೇಳಿದ ಭರತನ ನಾಟ್ಯಶಾಸ್ತ್ರವೇ ಯುದ್ಧ ಮರಣಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂದೂ ಪ್ರವೇಶಕದ ಮೂಲಕ ಸೂಚಿಸಬೇಕೆಂದೂ ವಿಧಿಸಿತು. ನೋಡುವವನ ಚಿತ್ತಕ್ಕೂ ರಕ್ಷಣೆ ಬೇಕೆಂಬುದು ಶಾಸ್ತ್ರಕಾರರ ಭಾವವಾಗಿದ್ದಿರಬೇಕು.

ವಿಜಯನಗರವು 1565ರ ಯುದ್ಧದ ಅನಂತರ ಹಾಳಾಯಿತು. ಮಹಾನವಮಿಯ ಸಂಪ್ರದಾಯವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅದರೊಂದು ಎಳೆಯು ಮೈಸೂರಿನ ವಜ್ರಮುಷ್ಟಿ ಕಾಳಗದಲ್ಲಿ ಇಂದಿಗೂ ಉಳಿದಿರುವುದು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನೆಗಳುಳ್ಳ ಆಯುಧವನ್ನು ಬೆರಳಿಗೆ ತೊಟ್ಟು ಇದಿರಾಗುವರು. ಒಬ್ಬನ ತಲೆಯಿಂದ ರಕ್ತದ ಮೊದಲ ಹನಿ ಕಂಡೊಡನೆಯೇ ಕಾಳಗವು ಮುಗಿಯುವುದು. “ಇನ್ನೂ ಆಗಲಿ” ಎಂದು ಕೂಗುವ ಅಧಿಕಾರವು ಅಲ್ಲಿ ನೋಡುವವನಿಗಿಲ್ಲ.

ಇಂದು ಗೃಹಸ್ಥರ ಮನೆಮನೆಯಲ್ಲಿಯೂ, ಅಂಗೈಯಷ್ಟು ಗಾಜಿನ ಪರದೆಯ ಮೇಲೆ, ಅನ್ಯರ ನೋವು ವಿನೋದವಾಗಿ ಬರುತ್ತಿರುವುದು. ನೆರಳಿನಲ್ಲಿ ಕುಳಿತಿರುವವರು ಈಗ ನಾವೇ. ಮಕ್ಕಳನ್ನು ಹಂಪೆಗೆ ಕರೆದೊಯ್ಯುವವರು ದಿಬ್ಬದ ಶಿಲ್ಪಗಳನ್ನು ತೋರಿಸುವಾಗ, ಎಲ್ಲಿಗೆ ನೋಟವನ್ನು ನಿಲ್ಲಿಸಬೇಕೆಂಬ ಈ ಮಾತನ್ನೂ ಆಡಿದರೆ ಯಾತ್ರೆಯು ಸಾರ್ಥಕವಾದೀತು.