ಫಟಫಟಿಯ ಹಿಂದಿನ ದೀಪದ ತಂತಿ ಜೋಪಾನ ಮಾಡಿರಿ



ಚಕ್ಕಡಿಯ ಅಚ್ಚಿಗೆ ಎಣ್ಣೆ ಹಾಕಿದರೆ ಸಂತೆಯ ದಾರಿ ನಿಶ್ಚಿಂತೆ ಎನ್ನುವ ಕಾಲ ಒಂದಿತ್ತು. ಈಗ ಖಾನಾಪುರ ತಾಲೂಕಿನ ಹಳ್ಳಿಗಳಿಂದ ಹಾಲಿನ ಕ್ಯಾನು ಕಟ್ಟಿಕೊಂಡು, ಇಲ್ಲವೆ ಮಕ್ಕಳನ್ನು ಕೂಡ್ರಿಸಿಕೊಂಡು, ಬೆಳಗಾವಿಯ ಶಿವಬಸವ ನಗರದ ವರೆಗೂ ಮೋಟಾರ್ ಸೈಕಲ್ಲಿನ ಮೇಲೆಯೇ ಹೋಗಿಬರುತ್ತೇವೆ. ಕತ್ತಲಾಗುವಾಗ ತಿರುಗಿ ಬಂದು, ಹೆದ್ದಾರಿ ಬಿಟ್ಟು ಬಲಕ್ಕೆ ಊರ ದಾರಿ ಹಿಡಿಯಬೇಕು. ಹಿಂದೆ ಕಬ್ಬಿನ ಲಾರಿ ಬರುತ್ತಿರುತ್ತದೆ. ನೀವು ಹೊರಳುವಿರೆಂದು ಆ ಚಾಲಕನಿಗೆ ಹೇಳುವದು ಹಿಂದಿನ ಚಿಕ್ಕ ಹಳದಿ ದೀಪ. ಅದು ಹತ್ತದಿದ್ದರೆ ನಿಮಗೆ ಕಾಣುವದಿಲ್ಲ, ಅವನಿಗೂ ತಿಳಿಯುವದಿಲ್ಲ.

ಗಾಡಿ ತಾನೇ ಒಂದು ಸುಳಿವು ಕೊಡುತ್ತದೆ. ಸರಿಯಿರುವ ಇಂಡಿಕೇಟರ್ ಮಿನಿಟಿಗೆ 60ರಿಂದ 120 ಸಲ ಮಿಟುಕುತ್ತದೆ. ಬಲ್ಬಿನ ಗಾಡಿಗಳಲ್ಲಿ ಒಂದು ಕಡೆಯ ದೀಪ ವಿಪರೀತ ಅವಸರದಿಂದ ಮಿಟುಕಿದರೆ, ಇಲ್ಲವೆ ಮಿಟುಕದೆ ಸುಮ್ಮನೆ ಉರಿದರೆ, ಆ ಬದಿಯ ಒಂದು ಬಲ್ಬು ಹೋಗಿರಬೇಕು ಅಥವಾ ತಂತಿ ಕಡಿದಿರಬೇಕು. ಮೊದಲು ಬಲ್ಬು ನೋಡಿರಿ. ಬಲ್ಬು ಚೆನ್ನಾಗಿದ್ದರೆ ತಂತಿಯ ವಿಚಾರ.

ಈ ತಂತಿ ಸೀಟಿನ ಕೆಳಗಿನಿಂದ ಹಿಂದಿನ ಮಡ್‌ಗಾರ್ಡಿನ ಗುಂಟ ಹೋಗುತ್ತದೆ. ಇಬ್ಬರು ಕೂತು ಗೊಬ್ಬರದ ಚೀಲವನ್ನೂ ಹೇರಿದರೆ ಹಿಂದಿನ ಭಾಗ ಕುಸಿದು ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ ಕಡಿಮೆಯಾಗುವದು. ಜೋತುಬಿದ್ದ ತಂತಿಯನ್ನು ಗಾಲಿ ಉಜ್ಜಿ ಸಿಪ್ಪೆ ತೆಗೆಯುತ್ತದೆ. ಮೇಲೆ ಕಣಕುಂಬಿ ಕಡೆಯ ಮಳೆ, ಕೆಂಪು ರಾಡಿ ಬೇರೆ. ಬರಿದಾದ ತಾಮ್ರ ಹಸಿರುಗಟ್ಟಿ ಪುಡಿಯಾಗುತ್ತದೆ. ಅದೇ ತಂತಿ ಚೌಕಟ್ಟಿನ ಕಬ್ಬಿಣಕ್ಕೆ ತಗಲಿತೆಂದರೆ ಫ್ಯೂಜು ಸುಡುವದು. ಎಷ್ಟೋ ಗಾಡಿಗಳಲ್ಲಿ ಹಾರ್ನು, ಬ್ರೇಕಿನ ದೀಪಗಳೂ ಅದೇ ಫ್ಯೂಜಿನ ಮೇಲಿರುವದರಿಂದ ಎಲ್ಲವೂ ಒಮ್ಮೆಲೇ ಸತ್ತುಹೋಗುತ್ತವೆ. ಆಗ ಫ್ಯೂಜಿನ ಜಾಗದಲ್ಲಿ ಬೇಗಡೆ ಸುತ್ತುವ ಜಾಣರಿದ್ದಾರೆ. ಹೀಗೆ ಎಂದೂ ಮಾಡಬಾರದು. ಫ್ಯೂಜಿನ ಬದಲು ತಂತಿಯೇ ಕಾದು, ಸೀಟಿನ ಕೆಳಗೆ ಬೆಂಕಿ ಹತ್ತೀತು.

ದುರಸ್ತಿ ಕಠಿಣವಲ್ಲ. ಚಾವಿ ತೆಗೆದು, ಸೀಟು ಬಿಚ್ಚಿ, ಬ್ಯಾಟರಿಯ ಋಣ ತುದಿಯನ್ನು ಕಳಚಿರಿ. ತಂತಿಯನ್ನು ದೀಪದ ಬುಡದಿಂದ ಸೀಟಿನ ತನಕ ಬೆರಳಿನಿಂದ ಸವರುತ್ತ ಹೋಗಿರಿ. ಎಲ್ಲಿ ಮೆತ್ತಗೆ ಮಡಚುವದೋ ಅಲ್ಲಿ ಒಳಗಿನ ಎಳೆಗಳು ಕಡಿದಿರುತ್ತವೆ, ಹೊರಗೆ ಏನೂ ಕಾಣದಿದ್ದರೂ. ಕೆಟ್ಟ ತುಂಡನ್ನು ಕತ್ತರಿಸಿ ಅಷ್ಟೇ ದಪ್ಪದ ಮೋಟಾರು ತಂತಿ ಜೋಡಿಸಬೇಕು. 10 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಒಂದು ಆಂಪಿಯರಿಗಿಂತ ಕಡಿಮೆ ಎಳೆಯುವದರಿಂದ ದಪ್ಪ ತಂತಿಯ ಅವಶ್ಯಕತೆ ಇಲ್ಲ. ಮನೆಯ ದೀಪದ ಒಂಟಿ ಎಳೆಯ ಗಟ್ಟಿ ತಂತಿ ಮಾತ್ರ ಬೇಡ, ಅದು ಅದುರಿ ಮುರಿಯುತ್ತದೆ. ಬರೀ ಹೊಸೆದು ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲ ಬಾಳುವದೂ ಕಷ್ಟ. ಬೆಸುಗೆ ಹಾಕಿಸಿ, ಕಾಯಿಸಿದರೆ ಬಿಗಿಯುವ ಕೊಳವೆ ತೊಡಿಸಿರಿ.

ದಾರಿ ಬದಲಿಸುವದೇ ಮುಖ್ಯ ಕೆಲಸ. ತಂತಿಯನ್ನು ಗಾಲಿಯ ಕಡೆಯಿಂದ ತೆಗೆದು ಮಡ್‌ಗಾರ್ಡಿನ ಮೇಲ್ಮಗ್ಗುಲಿಗೆ, ಚೌಕಟ್ಟಿನ ಕೊಳವೆಗೆ ಹತ್ತಿಸಿ ಒಯ್ಯಿರಿ. ಸೈಲೆನ್ಸರು, ಚೈನುಗಳಿಂದ ಅದು ದೂರವಿರಲಿ. ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರಿನ ಬಳೆ ಬೇಕೇಬೇಕು. ಹೊದಿಕೆಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೂ ನಡೆದೀತು, ಆದರೆ ಅದರ ಬಾಯಿ ಕೆಳಮುಖವಾಗಿರಬೇಕು. ಇಲ್ಲದಿದ್ದರೆ ನೀರು ಒಳಗೇ ನಿಂತು ಇದ್ದದ್ದೂ ಕೆಡುವದು. ಪ್ಲಾಸ್ಟಿಕ್ ಪಟ್ಟಿಯಿಂದ ಗೇಣಿಗೊಂದರಂತೆ ಕಟ್ಟಿರಿ. ಸಿಪ್ಪೆ ಅದುಮುವಷ್ಟು ಬಿಗಿ ಬೇಡ. ದೀಪದ ಬುಡದಲ್ಲಿ ಎರಡು ಬೆರಳಿನಷ್ಟು ಸಡಿಲು ಬಿಡಿರಿ, ಏಕೆಂದರೆ ರಬ್ಬರಿನ ಆ ಕಾಂಡ ಸದಾ ಅಲ್ಲಾಡುತ್ತಿರುತ್ತದೆ.

ಬ್ಯಾಟರಿ ಜೋಡಿಸಿದ ಮೇಲೆ ಇಬ್ಬರನ್ನು ಕೂಡ್ರಿಸಿ ಗಾಡಿಯನ್ನು ಕುಕ್ಕಿರಿ. ಮೂರನೆಯವರು ಹಿಂದೆ ನಿಂತು ಎರಡೂ ಬದಿಯ ದೀಪ ಮಿಟುಕುವದನ್ನು, ಗಾಲಿಗೆ ತಂತಿ ತಾಗದಿರುವದನ್ನು ನೋಡಲಿ. ಮನೆಯಲ್ಲಿ ಇಲಿ ಹೆಚ್ಚಿದ್ದರೆ ಗಾಡಿಯನ್ನು ಕಾಳಿನ ಚೀಲಗಳ ಬದಿಗೆ ನಿಲ್ಲಿಸಬೇಡಿರಿ. ದುರಸ್ತಿ ಆಗುವ ತನಕ ತಿರುವಿಗೆ ಸಾಕಷ್ಟು ಮೊದಲೇ ಬಲಗೈ ಚಾಚಿ ಸೂಚನೆ ಕೊಡಿರಿ, ಕತ್ತಲಾಗುವ ಮುಂಚೆ ಮನೆ ಸೇರಿರಿ.