ಕಚೇರಿ ಮೇಲ್‌ನ ಕೀಲಿ ಯಾರ ಕೈಯಲ್ಲಿದೆ?

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದ ಮೇಲೆ ಈ ಸೀಮೆಗೆ ಲೋಹದ ಕೆಲಸ ಹೊಸದಾಗಿ ಉಳಿಯಲಿಲ್ಲ. ಎರಕ ಹೊಯ್ಯುವವರು, ಬಿಡಿಭಾಗ ಕಡೆಯುವವರು ಇವತ್ತಿಗೂ ಇಲ್ಲಿದ್ದಾರೆ. ಬದಲಾಗಿರುವುದು ಕೆಲಸ ಬರುವ ದಾರಿ. ಡ್ರಾಯಿಂಗ್, ಅದರ ತಿದ್ದುಪಡಿ, ಪರ್ಚೇಸ್ ಆರ್ಡರ್, ತಪಾಸಣೆಯ ವರದಿ, ಹಣ ಜಮಾ ಆದ ಸೂಚನೆ, ಎಲ್ಲವೂ ಮೇಲ್‌ನಲ್ಲೇ ಬರುತ್ತವೆ. ಶಿವಮೊಗ್ಗದ ಅಡಿಕೆ ವ್ಯಾಪಾರಿಯ ಮಳಿಗೆಯಲ್ಲೂ ಸಹಕಾರ ಸಂಘದಲ್ಲೂ ಖಾಸಗಿ ಶಾಲೆಯ ಆಫೀಸಿನಲ್ಲೂ ಇದೇ ಕಥೆ.

ಇಷ್ಟೆಲ್ಲ ಭಾರ ಹೊತ್ತ ಆ ಖಾತೆ ಹುಟ್ಟಿದ್ದು ಹೇಗೆ ಎಂದು ವಿಚಾರಿಸಿದರೆ ಉತ್ತರ ಬಹುತೇಕ ಒಂದೇ. ಜಿಎಸ್‌ಟಿ ನೋಂದಣಿಗೋ ಬ್ಯಾಂಕಿನ ಅರ್ಜಿಗೋ ತುರ್ತಾಗಿ ಒಂದು ಮೇಲ್ ಐಡಿ ಬೇಕಾಗಿತ್ತು. ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ತನ್ನದೇ ಮೊಬೈಲ್ ನಂಬರ್ ಕೊಟ್ಟು ಜಿಮೇಲ್ ತೆರೆದುಕೊಟ್ಟ. ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಅಂಚಿಗೆ ಅಂಟಿಕೊಂಡಿತು. ಮುಂದೆ ಆ ಹುಡುಗ ಬೆಂಗಳೂರಿಗೆ ಹೋದ, ಸಿಮ್ ಬದಲಾಯಿಸಿದ. ಇಲ್ಲಿ ಹೊಸ ಕಂಪ್ಯೂಟರಿನಲ್ಲಿ ಲಾಗಿನ್ ಆಗಹೊರಟ ದಿನ ಗೂಗಲ್ ಓಟಿಪಿ ಕೇಳುತ್ತದೆ. ಅದು ಹೋಗುವುದು ಆ ಹಳೆಯ ನಂಬರಿಗೆ. ರದ್ದಾದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆ ಗ್ರಾಹಕರಿಗೆ ಕೊಡಬಹುದು. ಅಂದರೆ ನಿಮ್ಮ ಕಾರ್ಖಾನೆಯ ಓಟಿಪಿ ಗುರುತು ಪರಿಚಯವಿಲ್ಲದ ಯಾರದೋ ಫೋನಿಗೆ ಬಂದಿರುತ್ತದೆ.

‘ಹೋದರೆ ಹೋಗಲಿ, ಹೊಸ ಐಡಿ ಮಾಡಿಕೊಂಡರಾಯಿತು’ ಎನ್ನುವವರಿದ್ದಾರೆ. ಅವರು ಕಾನೂನನ್ನು ಒಮ್ಮೆ ನೋಡಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಕಲಮಿನ ಪ್ರಕಾರ, ನೋಂದಣಿಯಲ್ಲಿ ಕೊಟ್ಟ ಮೇಲ್ ವಿಳಾಸಕ್ಕೆ ನೋಟಿಸು ಕಳಿಸುವುದೂ ಜಾರಿ ಮಾಡುವ ಮಾನ್ಯ ವಿಧಾನಗಳಲ್ಲಿ ಒಂದು. ತೆರಿಗೆ ಆದೇಶದ ಮೇಲೆ ಮೇಲ್ಮನವಿ ಹಾಕಲು, ಆದೇಶ ತಲುಪಿದ ದಿನದಿಂದ 3 ತಿಂಗಳ ಗಡುವಿದೆ. ಯಾರೂ ತೆರೆಯದ ಖಾತೆಯಲ್ಲಿ ನೋಟಿಸು ಬಿದ್ದಿದ್ದರೂ ದಿನಗಳು ಲೆಕ್ಕಕ್ಕೆ ಬರುತ್ತಲೇ ಇರುತ್ತವೆ. ಆದ್ದರಿಂದ ಮೇಲ್ ಐಡಿ ಬದಲಾದರೆ ಜಿಎಸ್‌ಟಿ, ಆದಾಯ ತೆರಿಗೆ, ಭವಿಷ್ಯ ನಿಧಿ, ಉದ್ಯಮ್ ನೋಂದಣಿ, ಬ್ಯಾಂಕು, ಈ ಎಲ್ಲ ಕಡೆಯೂ ಬದಲಾಯಿಸಲೇಬೇಕು.

ಹಾಗಾಗಿ ಸೆಟ್ಟಿಂಗ್ಸ್ ನೋಡಲು ಕೂತವರು ಬಣ್ಣ, ಅಕ್ಷರದ ಗಾತ್ರವನ್ನೆಲ್ಲ ಬಿಟ್ಟು ಮೊದಲು ರಿಕವರಿ ನಂಬರ್, ರಿಕವರಿ ಮೇಲ್ ನೋಡಲಿ. ಅಲ್ಲಿ ಇರಬೇಕಾದದ್ದು ಸಂಸ್ಥೆಯ ಹೆಸರಿನಲ್ಲಿ ಕೊಂಡ ಸಿಮ್ಮಿನ ನಂಬರ್, ಇಲ್ಲವೇ ಮಾಲೀಕರ ನಂಬರ್. ಕೆಲಸ ಬಿಡುವವರ ನಂಬರನ್ನು ಅವರ ಕೊನೆಯ ದಿನ ತೆಗೆದರಾಯಿತು ಅಂದುಕೊಳ್ಳಬೇಡಿ. ರಿಕವರಿ ವಿವರ ಬದಲಾಯಿಸಿದ ಮೇಲೂ ಒಂದು ವಾರದವರೆಗೆ ಗೂಗಲ್ ಹಳೆಯ ನಂಬರಿಗೇ ಕೋಡ್ ಕಳಿಸುವ ಅವಕಾಶ ಇಟ್ಟುಕೊಂಡಿರುತ್ತದೆ. ವಾರಕ್ಕೆ ಮುಂಚೆಯೇ ಬದಲಾಯಿಸುವುದು ಕ್ಷೇಮ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿದಾಗ ಬ್ಯಾಕಪ್ ಕೋಡ್‌ಗಳನ್ನೂ ಪಡೆಯಬಹುದು. ಒಟ್ಟು ಹತ್ತು ಕೋಡ್, ಒಂದೊಂದೂ ಒಂದೇ ಬಾರಿಯ ಬಳಕೆಗೆ. ಅವನ್ನು ಪ್ರಿಂಟ್ ತೆಗೆದು ಚೆಕ್‌ಬುಕ್ ಇಡುವ ಬೀರುವಿನಲ್ಲಿ ಇಡಿ. ಫೋನ್ ಕಳೆದ ದಿನ ಅದೇ ಗತಿ.

ಪಾಸ್‌ವರ್ಡ್ ಹಂಚಿಕೊಳ್ಳುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಆಳವಾಗಿ ಬೇರುಬಿಟ್ಟಿದೆ. ಮಾಲೀಕರಿಗೆ, ಅಕೌಂಟೆಂಟಿಗೆ, ಡಿಸ್ಪ್ಯಾಚ್ ನೋಡುವವರಿಗೆ, ತೆರಿಗೆ ಸಲಹೆಗಾರರಿಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ದಿನಕ್ಕೆ ನಾಲ್ಕು ಸಲ ಫೋನು: ‘ಸಾರ್, ಓಟಿಪಿ ಬಂತಾ? ಬೇಗ ಹೇಳಿ ಸಾರ್.’ ಈ ಗೋಳು ಬೇಕಿಲ್ಲ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ, ಅಕೌಂಟ್ಸ್ ವಿಭಾಗದಲ್ಲಿ, ಇನ್ನೊಬ್ಬರ ಖಾತೆಗೆ ನಿಮ್ಮ ಅಂಚೆಪೆಟ್ಟಿಗೆ ತೆರೆಯುವ ಅನುಮತಿ ಕೊಡುವ ಏರ್ಪಾಡಿದೆ. ಅದಕ್ಕೆ ಡೆಲಿಗೇಷನ್ ಎನ್ನುತ್ತಾರೆ. ಅನುಮತಿ ಪಡೆದವರು ತಮ್ಮದೇ ಪಾಸ್‌ವರ್ಡ್ ಬಳಸಿ ಒಳಗೆ ಬಂದು ಮೇಲ್ ಓದಬಹುದು, ಉತ್ತರಿಸಬಹುದು, ಅಳಿಸಲೂಬಹುದು. ಪಾಸ್‌ವರ್ಡ್ ಬದಲಾಯಿಸಲು ಮಾತ್ರ ಬರುವುದಿಲ್ಲ. ಅವರು ಕೆಲಸ ಬಿಟ್ಟ ದಿನ ಆ ಹೆಸರನ್ನು ತೆಗೆದರೆ ಮುಗಿಯಿತು, ಉಳಿದವರಿಗೆ ತೊಂದರೆಯಿಲ್ಲ. ಮೈಕ್ರೋಸಾಫ್ಟ್ 365 ಬಳಸುವ ಕಚೇರಿಗಳಿಗೆ ಹಂಚಿಕೆಯ ಪೆಟ್ಟಿಗೆ ಎಂಬ ಅನುಕೂಲವಿದೆ. 50 ಜಿಬಿವರೆಗೆ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಹಣ ಕಟ್ಟಬೇಕಿಲ್ಲ.

ಇನ್ನು ಹೆಚ್ಚು ಹೊತ್ತು ಕೂತು ನೋಡಬೇಕಾದ ಜಾಗಕ್ಕೆ ಬರೋಣ. ಅದು ಫಿಲ್ಟರ್ ಮತ್ತು ಫಾರ್ವರ್ಡಿಂಗ್. ಇಂಥ ವಿಳಾಸದಿಂದ ಬಂದ ಮೇಲ್ ಇಂಥ ಲೇಬಲ್ಲಿಗೆ ಹೋಗಲಿ ಎಂದು ನಿಯಮ ಬರೆದಿಡುವುದು ಬಹಳ ಉಪಯುಕ್ತ. ದೊಡ್ಡ ಗ್ರಾಹಕರದು ಒಂದು ಕಡೆ, ತೆರಿಗೆಯದು ಇನ್ನೊಂದು ಕಡೆ ತಾನಾಗಿ ವಿಂಗಡವಾಗುತ್ತದೆ. ಆದರೆ ಇದೇ ಅನುಕೂಲ ಕಳ್ಳನಿಗೂ ಸಿಗುತ್ತದೆ. ನಕಲಿ ಲಾಗಿನ್ ಪುಟ ತೋರಿಸಿ ಪಾಸ್‌ವರ್ಡ್ ಕದ್ದವನು ಕೂಡಲೇ ಗಲಾಟೆ ಮಾಡುವುದಿಲ್ಲ. ಒಂದು ನಿಯಮ ಬರೆದು ಹೋಗುತ್ತಾನೆ: ‘ಪೇಮೆಂಟ್’, ‘ಇನ್‌ವಾಯ್ಸ್’, ‘ಬ್ಯಾಂಕ್’ ಎಂಬ ಪದವಿರುವ ಪತ್ರವೆಲ್ಲ ತನ್ನ ವಿಳಾಸಕ್ಕೆ ಪ್ರತಿಯಾಗಿ ಬರಲಿ, ಇಲ್ಲಿ ಮಾತ್ರ ಇನ್‌ಬಾಕ್ಸಿನಲ್ಲಿ ಕಾಣಿಸದೆ, ಯಾರೂ ತೆರೆಯದ ಫೋಲ್ಡರಿಗೆ ಸರಿಯಲಿ. ನಂತರ ವಾರಗಟ್ಟಲೆ ಓದುತ್ತ ಕೂರುತ್ತಾನೆ. ಯಾವ ಬಿಲ್ಲು ಬಾಕಿ ಇದೆ, ಎಷ್ಟು ಮೊತ್ತ, ನಿಮ್ಮ ಪತ್ರದ ಧಾಟಿ ಹೇಗೆ, ಎಲ್ಲ ತಿಳಿದುಕೊಂಡು ಸರಿಯಾದ ದಿನ ನೋಡಿ ನಿಮ್ಮ ಗ್ರಾಹಕರಿಗೆ ಬರೆಯುತ್ತಾನೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ. ಪತ್ರ ನಿಮ್ಮದೇ ವಿಳಾಸದಿಂದ ಹೋಗಿರುತ್ತದೆ, ಇಲ್ಲವೇ ಒಂದೇ ಒಂದು ಅಕ್ಷರ ವ್ಯತ್ಯಾಸವಿರುವ ವಿಳಾಸದಿಂದ. ಗ್ರಾಹಕರು ‘ಇದು ಹೌದೇ?’ ಎಂದು ಉತ್ತರ ಬರೆದರೂ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಆ ನಿಯಮ ಅದನ್ನು ಮೊದಲೇ ಎತ್ತಿಟ್ಟಿರುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿಯಿದೆ. ಅನುಮಾನ ಬಂದು ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಆ ನಿಯಮ ಅಳಿಯುವುದಿಲ್ಲ. ಫಿಲ್ಟರ್ ಪಟ್ಟಿಯನ್ನೂ ಫಾರ್ವರ್ಡಿಂಗ್ ವಿಳಾಸವನ್ನೂ ಕಣ್ಣಾರೆ ನೋಡಿ, ನೀವು ಬರೆಯದ್ದನ್ನು ನೀವೇ ತೆಗೆಯಬೇಕು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಕೆಳಗಡೆ ಬಲಮೂಲೆಯ ಡೀಟೇಲ್ಸ್ ಒತ್ತಿದರೆ ಖಾತೆ ಯಾವ ಹೊತ್ತಿಗೆ, ಯಾವ ಬಗೆಯ ಸಾಧನದಿಂದ, ಯಾವ ಐಪಿ ವಿಳಾಸದಿಂದ ತೆರೆದಿತ್ತು ಎಂಬ ಪಟ್ಟಿ ಬರುತ್ತದೆ. ಆಫೀಸಿಗೆ ಬೀಗ ಹಾಕಿದ್ದ ರಾತ್ರಿ ಎರಡು ಗಂಟೆಗೆ ಗೊತ್ತಿಲ್ಲದ ಊರಿನಿಂದ ತೆರೆದಿದ್ದರೆ ಮುಂದಿನ ಕೆಲಸ ತಡಮಾಡುವಂತಿಲ್ಲ. ಹಣ ಹೋಗಿದ್ದರಂತೂ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲು ಬ್ಯಾಂಕುಗಳು ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಕೆಲವು ಗಂಟೆಗಳಲ್ಲೇ. ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆ ಇರುವುದೂ ಇಂಥ ದೂರುಗಳಿಗಾಗಿಯೇ. ಮರ್ಯಾದೆಗೆ ಅಂಜಿ ಸುಮ್ಮನಿರುವವರನ್ನು ಕಂಡಾಗ ಸಂಕಟವಾಗುತ್ತದೆ.

ಸಣ್ಣಪುಟ್ಟವು ಕೆಲವಿವೆ. ಕಳಿಸಿದ ಮೇಲ್ ಹಿಂಪಡೆಯುವ ಅವಧಿ ಜಿಮೇಲ್‌ನಲ್ಲಿ 5 ಸೆಕೆಂಡಿಗೆ ಇದ್ದರೆ 30ಕ್ಕೆ ಏರಿಸಿಕೊಳ್ಳಿ. ಉಚಿತ ಖಾತೆಯ 15 ಜಿಬಿ ಜಾಗವನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಮನೆಯ ಮದುವೆಯ ವಿಡಿಯೋ ಅಲ್ಲಿ ತುಂಬಿದರೆ ಆರ್ಡರಿನ ಮೇಲ್ ಕಳಿಸಿದವರಿಗೇ ವಾಪಸಾಗುತ್ತದೆ. 25 ಎಂಬಿ ದಾಟಿದ ಡ್ರಾಯಿಂಗ್ ಲಗತ್ತಾಗಿ ಹೋಗದು, ಡ್ರೈವ್ ಕೊಂಡಿಯಾಗಿ ಹೋಗುತ್ತದೆ. ಆಗ ಆ ಕೊಂಡಿ ಯಾರಿಗೆಲ್ಲ ತೆರೆಯುತ್ತದೆ ಎಂಬುದನ್ನು ನೋಡಿಯೇ ಕಳಿಸಿ. ಸ್ಪ್ಯಾಮ್‌ಗೆ ಬಿದ್ದದ್ದು 30 ದಿನಕ್ಕೆ ಅಳಿದುಹೋಗುತ್ತದೆ, ವಾರಕ್ಕೊಮ್ಮೆ ಇಣುಕಿ.

ಸ್ವಂತ ಡೊಮೈನ್ ಬೇಕೇ? ಹತ್ತು ಜನ ಕೆಲಸ ಮಾಡುವ ಘಟಕಕ್ಕೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವಿಳಾಸ ಎಸಿ ಡಾಟ್ ಇನ್‌ನಲ್ಲಿ ಮುಗಿಯುತ್ತದೆ. ಅದನ್ನು ಎರ್ನೆಟ್ ಸಂಸ್ಥೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುವುದರಿಂದ ನೋಡಿದವರಿಗೆ ನಂಬಿಕೆ ಬರುತ್ತದೆ. ವ್ಯಾಪಾರಸ್ಥರಿಗೆ ಅಂಥ ಮುದ್ರೆ ಸಿಗದಿದ್ದರೂ ಸ್ವಂತ ಡೊಮೈನ್ ಇದ್ದರೆ ಖಾತೆಗಳ ಮೇಲಿನ ಹಿಡಿತ ಸಂಸ್ಥೆಯ ಅಡ್ಮಿನ್ ಕೈಯಲ್ಲಿ ಉಳಿಯುತ್ತದೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಡೊಮೈನಿಗೆ ಸೇರಿಸಲು ಒದಗಿಸುವವರಿಗೆ ಹೇಳಿ. ನಿಮ್ಮ ಡೊಮೈನಿನ ಹೆಸರು ಹಾಕಿ ಬೇರೆಯವರು ಕಳಿಸಿದ ಪತ್ರವನ್ನು ಎದುರಿನ ಸರ್ವರ್ ಗುರುತಿಸುವುದು ಇವುಗಳಿಂದಲೇ.

2014ರ ನವೆಂಬರ್ 1ರಂದು ರಾಜ್ಯದ ಇತರ 11 ನಗರಗಳ ಜೊತೆ ಶಿವಮೊಗ್ಗದ ಹೆಸರೂ ಇಂಗ್ಲಿಷಿನಲ್ಲಿ ಕನ್ನಡದ ಉಚ್ಚಾರದಂತೆ ಬದಲಾಯಿತು. ಹಳೆಯ ಶಿಮೊಗಾ ಕಾಗುಣಿತವನ್ನು ವಿಳಾಸದಲ್ಲಿ ಸೇರಿಸಿಕೊಂಡವರು ಹೊಸದಕ್ಕೆ ಹೋಗಲು ಹಿಂಜರಿಯಬೇಕಿಲ್ಲ. ಸ್ವಂತ ಡೊಮೈನಿನಲ್ಲಿ ಅಲಿಯಾಸ್ ಎಂಬ ಸೌಲಭ್ಯವಿದೆ. ಹಳೆಯ ವಿಳಾಸಕ್ಕೆ ಬಂದದ್ದೂ ಹೊಸ ಪೆಟ್ಟಿಗೆಗೇ ಬೀಳುತ್ತದೆ, ಉತ್ತರ ಹೊಸ ಹೆಸರಿನಲ್ಲಿ ಹೋಗುತ್ತದೆ. ನಿವೃತ್ತರಾದವರ ವಿಳಾಸಕ್ಕೂ ಇದೇ ದಾರಿ. ಖಾತೆ ಮುಚ್ಚುವ ಮೊದಲು ಅವರ ಹಳೆಯ ಪತ್ರಗಳನ್ನು ಉಳಿಸಿಕೊಂಡು, ವಿಳಾಸವನ್ನು ಅವರ ಜಾಗಕ್ಕೆ ಬಂದವರ ಪೆಟ್ಟಿಗೆಗೆ ಅಲಿಯಾಸ್ ಮಾಡಿ.

ಡೊಮೈನ್ ಕೊಂಡವರಿಗೆ ಒಂದು ಎಚ್ಚರಿಕೆ. ಅದನ್ನು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು, ನೆನಪಿನ ಪತ್ರ ಬರುವುದು ಮೇಲ್‌ಗೆ. ಡೊಮೈನ್ ಮಾರಿದವರಲ್ಲಿ ನಿಮ್ಮ ಸಂಪರ್ಕಕ್ಕೆ ಅದೇ ಡೊಮೈನಿನ ವಿಳಾಸ ಕೊಟ್ಟಿದ್ದರೆ, ಅವಧಿ ಮುಗಿದ ದಿನ ಆ ಪೆಟ್ಟಿಗೆಯೂ ನಿಂತಿರುತ್ತದೆ. ಮತ್ತೆ ಪಡೆಯಲು ಬೇಕಾದ ಕೊಂಡಿ ಅಲ್ಲಿಗೇ ಹೋಗಿ ಬೀಳುತ್ತದೆ, ತೆರೆಯುವ ದಾರಿಯಿಲ್ಲ. ಡೊಮೈನ್ ಮಾರಿದವರಲ್ಲಿ ಹೊರಗಿನ ಬೇರೊಂದು ಖಾತೆಯ ವಿಳಾಸವನ್ನೂ, ಮಾಲೀಕರ ನಂಬರನ್ನೂ ಬರೆಸಿಡಿ.